ಫೈಲು, ಫೈವು, ಫೈರು

ಬೈಲಕುಪ್ಪೆ ಪಕ್ಕದ ಕೊಪ್ಪದ ಬಸ್ ಸ್ಟ್ಯಾಂಡಿನಿಂದ ಕೂಗಳತೆಯಲ್ಲಿದ್ದ ಒಂದು ಚಿಕ್ಕ ಕ್ಲಿನಿಕ್ಕಿನಲ್ಲಿ ನಾನು ಮೂರು ವರ್ಷ ಚೀಟಿ ಬರೆಯುವ ಕೆಲಸ ಮಾಡಿದೆ. ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ಕಂಪಲಾಪುರದ ನಮ್ಮ ಮನೆಯಿಂದ ಬೆಳಗಿನ ಬಸ್ಸು ಹಿಡಿದರೆ ಒಂಬತ್ತಕ್ಕೆ ಮುಂಚೆ ಬಾಗಿಲು ತೆಗೆಯಬಹುದಿತ್ತು. ಬಂದವರಿಗೆ ಟೋಕನ್ ಕೊಟ್ಟು, ಏನು ತೊಂದರೆ ಎಂದು ಕೇಳಿ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆದು, ಹಳೆಯ ರೋಗಿಯಾದರೆ ಫೈಲು ಹುಡುಕಿ ಡಾಕ್ಟರ ಮೇಜಿನ ಮೇಲಿಡಬೇಕು. ಕೆಲಸ ಇಷ್ಟೇ. ಆದರೆ ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದ್ದು ಕನ್ನಡದಲ್ಲಿ. ಮೊದಲ ದಿನವೇ ತಲೆನೋವಿನವನೊಬ್ಬನ ಚೀಟಿ ಬರೆದೆ. ಡಾಕ್ಟರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ನನ್ನನ್ನು ಒಳಗೆ ಕರೆದರು.

"ಇದ್ಯಾವ ಕಾಯಿಲೆಯಮ್ಮ? ನಾನು ಓದಿದ ಪುಸ್ತಕದಲ್ಲಿ ಇಲ್ಲವಲ್ಲ?"

"ಎಡ್ಡೇಕು ಸಾರ್," ಎಂದೆ.

ನಮ್ಮ ಕಡೆ ಹಳ್ಳಿ ಅಳ್ಳಿಯಾಗುತ್ತದೆ, ಹಾಲು ಆಲಾಗುತ್ತದೆ. ಬಾಯಲ್ಲಿಲ್ಲದ ಅಕ್ಷರ ಕೈಗೆ ಎಲ್ಲಿಂದ ಬರಬೇಕು? ಎಚ್ ಬಿಟ್ಟೇ ಬರೆದಿದ್ದೆ. ಡಾಕ್ಟರು ನಗಲಿಲ್ಲ, ತಿದ್ದಿ ಕೊಟ್ಟರು. ನನಗೇ ನಾಚಿಕೆಯಾಗಿ ಆ ದಿನ ಬುತ್ತಿ ಬಿಚ್ಚಲಿಲ್ಲ.

ಎರಡನೇ ವರ್ಷದ ಮಳೆಗಾಲದಲ್ಲಿ ಆ ಅಕ್ಕ ಬಂದರು. ವಿಯೆಟ್ನಾಂ ದೇಶದ ಸನ್ಯಾಸಿನಿ. ಬೈಲಕುಪ್ಪೆಯಲ್ಲಿ ಬೌದ್ಧ ಧರ್ಮ ಓದಲು ಬಂದವರು. ಸನ್ಯಾಸ ತಗೊಳ್ಳುವ ಮುಂಚೆ ಊರಿನಲ್ಲಿ ನರ್ಸಾಗಿದ್ದರಂತೆ. ಕೈ ಸುಮ್ಮನಿರಲಾರದೆ, ವಾರಕ್ಕೆ ನಾಲ್ಕು ದಿನ ಸಹಾಯ ಮಾಡುತ್ತೇನೆಂದು ಡಾಕ್ಟರನ್ನು ಕೇಳಿಕೊಂಡಿದ್ದರು. ಅಲ್ಲಿನ ಟಿಬೆಟಿನವರ ಕ್ಯಾಂಪಿನ ಕೆಂಪು ಬಟ್ಟೆಯ ಸನ್ಯಾಸಿಗಳ ನಡುವೆ ಇವರೊಬ್ಬರದೇ ಕಂದು ನಿಲುವಂಗಿ. ಮೂವತ್ತೈದರ ಆಸುಪಾಸು ವಯಸ್ಸು. ಗಾಯ ತೊಳೆದು ಪಟ್ಟಿ ಕಟ್ಟುವುದರಲ್ಲಿ ಅವರ ಕೈಗೆ ಸಾಟಿಯಿರಲಿಲ್ಲ. ಅವರಿಗೆ ಬಾರದಿದ್ದದ್ದು ಇಂಗ್ಲಿಷು. ನಮ್ಮಿಬ್ಬರ ನಡುವೆ ಇದ್ದದ್ದೂ ಅದೊಂದೇ ಭಾಷೆ.

ಅವರ ಭಾಷೆಯಲ್ಲಿಯೂ ನಮ್ಮ ಹಾಗೆ ಯಾರನ್ನೂ ಬರೀ ಹೆಸರಿನಿಂದ ಕರೆಯುವಂತಿಲ್ಲವಂತೆ. ಚಿಕ್ಕವಳಾದ ನನ್ನನ್ನು 'ಎಮ್' ಎಂದು ಕರೆದರು. ತಮ್ಮನ್ನು 'ಚಿ' ಎನ್ನಬೇಕೆಂದರು. ಚಿ ಎಂದರೆ ಅಕ್ಕ. ನನಗೆ ಬಾಯಿ ಬರಲಿಲ್ಲ. ದೊಡ್ಡವರನ್ನು ಎದುರಿಗೆ ನಿಂತು ಛೀ ಎನ್ನುವುದು ಹೇಗೆ? ಮೂಗು ಸುಕ್ಕು ಮಾಡಿ ಅದರ ಅರ್ಥ ತೋರಿಸಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕ ಎಂದೇ ಕರೆದೆ.

ಅಕ್ಕ ಮಾತಾಡಿದರೆ ಇಂಗ್ಲಿಷಿನ ಪದಗಳ ಬಾಲ ಉದುರಿಹೋಗುತ್ತಿತ್ತು. ರೈಸ್ 'ರೈ' ಆಗುತ್ತಿತ್ತು, ಹೌಸ್ 'ಹೌ' ಆಗುತ್ತಿತ್ತು. ಫೈಲ್, ಫೈವ್, ಫೈನ್ ಎಲ್ಲವೂ 'ಫೈ'. ಯಾವ ಫೈ ಎಂದು ಅವರ ಕೈಸನ್ನೆ ನೋಡಿ ತಿಳಿದುಕೊಳ್ಳುತ್ತಿದ್ದೆ.

ಒಂದು ಬೆಳಿಗ್ಗೆ ಕ್ಲಿನಿಕ್ಕು ತುಂಬಿತ್ತು. ಅಕ್ಕ ಹಿಂದಿನ ಕೋಣೆಯಲ್ಲಿ ಸೀಮೆಎಣ್ಣೆ ಸ್ಟೌ ಮೇಲೆ ಚಿಮಟ, ಕತ್ತರಿ ಕುದಿಸಲು ಇಟ್ಟಿದ್ದರು. ಇದ್ದಕ್ಕಿದ್ದಂತೆ ನನ್ನ ಮೇಜಿನ ಹತ್ತಿರ ಓಡಿಬಂದು "ಫೈ! ಫೈ!" ಎಂದರು. ನಾನು ಮುಂದಿದ್ದ ಫೈಲನ್ನು ಕೈಗಿಟ್ಟೆ. ಅದನ್ನು ಎಸೆದು ಮತ್ತೆ "ಫೈ!" ಎಂದರು. ಐದನೇ ನಂಬರಿನವರನ್ನು ಕರೆಯುತ್ತಿದ್ದಾರೆ ಅಂದುಕೊಂಡೆ. "ಐದನೇ ಟೋಕನ್ ಯಾರ್ರೀ?" ಎಂದು ಕೂಗಿದೆ. ಕಾಡಂಚಿನ ಹಾಡಿಯಿಂದ ಬಂದಿದ್ದ ಅಜ್ಜಿಯೊಬ್ಬರು ಸೊಂಟ ಹಿಡಿದುಕೊಂಡು ಎದ್ದು, "ನಂದೇ ಕಣವ್ವ," ಎಂದು ಹಿಂದಿನ ಕೋಣೆಯ ಕಡೆಗೇ ಹೊರಟರು. ಅಕ್ಕ ಅವರ ರಟ್ಟೆ ಹಿಡಿದು ಎಳೆದು ನಿಲ್ಲಿಸಿದರು.

ಬೆಂಚಿನ ಮೇಲಿದ್ದ ರೈತರೊಬ್ಬರು ಮೂಗೆತ್ತಿ ನೋಡಿದರು. "ಲೇ, ಏನೋ ಸೀದ ವಾಸ್ನೆ! ಬೆಂಕಿ ಕಣ್ರೀ, ಬೆಂಕಿ ಬಿದ್ದದೆ!"

ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಯ ಮುಂದೆ ವರ್ಷ ವರ್ಷ ಬೆಂಕಿ ಕಾಯ್ದ ಜೀವ ಅದು. ಬಾಗಿಲಲ್ಲಿದ್ದ ಗೋಣಿಚೀಲವನ್ನು ತೊಟ್ಟಿಯಲ್ಲಿ ಅದ್ದಿಕೊಂಡು ಒಳಗೆ ನುಗ್ಗಿದರು. ಕಿಟಕಿಯ ಪರದೆ ಉರಿಯುತ್ತಿತ್ತು. ನಾನು ಬಕೆಟ್ ತರುವಷ್ಟರಲ್ಲಿ ಅವರು ಬಡಿದು ಆರಿಸಿಯಾಗಿತ್ತು. ಯಾರಿಗೂ ಏನೂ ಆಗಲಿಲ್ಲ. ಮೊದಲು ತಾವೇ ಆರಿಸಲು ಹೋಗಿದ್ದ ಅಕ್ಕನ ಎಡಗೈಯಲ್ಲಿ ಮಾತ್ರ ಬೊಬ್ಬೆ ಎದ್ದಿತ್ತು.

ಎಲ್ಲ ರೋಗಿಗಳೂ ಹೋದ ಮೇಲೆ ಡಾಕ್ಟರು ಬೇಸರದಿಂದಲೇ ಹೇಳಿದರು, "ಅವರು ಒಳ್ಳೆಯವರಮ್ಮ. ಆದರೆ ಇದು ಆಸ್ಪತ್ರೆ. ಒಂದು ಮಾತು ತಪ್ಪಿ ಕೇಳಿಸಿದರೆ ಯಾರದೋ ಪ್ರಾಣಕ್ಕೆ ಬರುತ್ತೆ. ನಾಳೆಯಿಂದ ಬರೋದು ಬೇಡ ಅಂತ ಹೇಳಿಬಿಡೋಣ."

ಅದುವರೆಗೆ ಡಾಕ್ಟರಿಗೆ ಎದುರಾಡಿದವಳಲ್ಲ. ಆ ದಿನ ಅದೆಲ್ಲಿಂದ ಧೈರ್ಯ ಬಂತೋ. "ಅವರು ಸರಿಯಾಗೇ ಯೋಳಿದ್ರು ಸಾರ್. ತಪ್ಪು ತಿಳ್ಕೊಂಡವಳು ನಾನು. ಒಂದು ತಿಂಗಳು ಟೈಮ್ ಕೊಡಿ. ನಾನೇ ಯೋಳ್ಕೊಡ್ತೀನಿ," ಎಂದೆ.

"ನೀನು?" ಎಂದರು. ಆಮೇಲೆ ಏನನ್ನಿಸಿತೋ, "ಆಯ್ತು, ಒಂದೇ ತಿಂಗಳು," ಎಂದರು.

ಆಮೇಲೆ ಎರಡು ದಿನ ಅಕ್ಕ ಬೇಕಾದ್ದನ್ನೆಲ್ಲ ಬೆರಳಿನಿಂದಲೇ ತೋರಿಸಿದರು. ಮೂರನೇ ದಿನ ಮಧ್ಯಾಹ್ನ ನಾನು ನೂರು ಪುಟದ ನೋಟ್‌ಬುಕ್ಕು ತಂದು ಅವರ ಮುಂದಿಟ್ಟೆ. ಕ್ಲಿನಿಕ್ಕಿನಲ್ಲಿ ಬೇಕಾಗುವ ಪದಗಳನ್ನೆಲ್ಲ ಬರೆದುಕೊಂಡು, ಡಾಕ್ಟರ ಹಾಗೆ ಹೇಳಿಕೊಡಲು ಹೋದೆ. "ಫೈರ್." ಅವರು "ಫೈ" ಎಂದರು. ಹತ್ತು ಸಲ ಹೇಳಿಸಿದರೂ ಕೊನೆಯ ಅಕ್ಷರ ಗಂಟಲಲ್ಲೇ ಉಳಿಯುತ್ತಿತ್ತು. ಅವರ ಕಣ್ಣಲ್ಲಿ ನೀರು ಬಂತು. ನನಗೂ ಸಾಕಾಗಿ, ಡಾಕ್ಟರ ಮಾದರಿ ಬಿಟ್ಟು ನಮ್ಮಪ್ಪ ಆಡುವ ಹಾಗೆ ಹೇಳಿದೆ. ಅಪ್ಪ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೂ ಹೊಗೆಸೊಪ್ಪಿನ ಹರಾಜಿನಲ್ಲಿ ಗ್ರೇಡು, ಬೇಲು, ಲೋಡು ಎನ್ನುತ್ತ ಅರ್ಧ ಇಂಗ್ಲಿಷಿನಲ್ಲೇ ವ್ಯವಹಾರ ಮಾಡುತ್ತಿದ್ದರು.

"ಫೈರು," ಎಂದೆ.

"ಫೈರು," ಎಂದರು ಅಕ್ಕ. ಸ್ಪಷ್ಟವಾಗಿ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಫೈಲು. ಫೈವು. ಫೈನು. ಕೊನೆಗೊಂದು ಉಕಾರ ಸಿಕ್ಕಿದ್ದೇ ಅವರ ನಾಲಗೆಗೆ ಊರುಗೋಲು ಸಿಕ್ಕಿದಂತಾಯಿತು. ಟ್ಯಾಬ್ಲೆಟ್ಟು, ಸಿರಪ್ಪು, ಬ್ಲಡ್ಡು, ಬೆಡ್ಡು ಎಂದು ಅವತ್ತು ಅರ್ಧ ಪುಟ ಮುಗಿಸಿದೆವು. ಹಳ್ಳಿಯ ರೋಗಿಗಳಿಗಂತೂ ಆ ಇಂಗ್ಲಿಷು ಡಾಕ್ಟರದ್ದಕ್ಕಿಂತ ಚೆನ್ನಾಗಿ ತಿಳಿಯುತ್ತಿತ್ತು.

ಅಕ್ಕನೂ ಸುಮ್ಮನೆ ಕಲಿಯುವವರಲ್ಲ. ನನ್ನ ಎಚ್ಚಿಲ್ಲದ ಮಾತು ಅವರ ಕಿವಿಗೆ ಬಿದ್ದಿತ್ತು. ಒಂದು ದಿನ ಹತ್ತಿಯ ಎಳೆಯೊಂದನ್ನು ನನ್ನ ತುಟಿಯ ಮುಂದೆ ಹಿಡಿದು, "ಹೆಡ್ಡು" ಎನ್ನು ಎಂದರು. "ಎಡ್ಡು" ಎಂದೆ. ಹತ್ತಿ ಅಲುಗಲಿಲ್ಲ. ಅವರು ಹೇಳಿದಾಗ ಎಳೆ ಹಾರಿತು. ಹಾರ್ಟು, ಹ್ಯಾಂಡು, ಹಿಪ್ಪು ಎಂದು ದಿನವೂ ಹತ್ತಿ ಊದಿ ಊದಿ ನನಗೂ ಎಚ್ಚಿನ ಉಸಿರು ಒಲಿಯಿತು. ಆ ಹುಮ್ಮಸ್ಸಿನಲ್ಲಿ ಕೆಲವು ದಿನ ಇಂಜೆಕ್ಷನ್ನಿಗೂ ಎಚ್ ಸೇರಿಸಿ ಬರೆದು ಡಾಕ್ಟರಿಂದ ಬೈಸಿಕೊಂಡೆ.

ತಿಂಗಳಾದ ಮೇಲೆ ಡಾಕ್ಟರು ಪರೀಕ್ಷೆಯೆಂದೇನೂ ಮಾಡಲಿಲ್ಲ. ಒಂದು ಮಧ್ಯಾಹ್ನ ಮಗುವೊಂದರ ಜ್ವರ ನೋಡಿ ಅಕ್ಕ, "ಡಾಕ್ಟರ್, ಹಂಡ್ರೆಡ್ಡು ಫೈವು. ಕ್ವಿಕ್ಕು!" ಎಂದು ಕೂಗಿದರು. ಡಾಕ್ಟರು ಎದ್ದು ಓಡಿದರು. ಇಬ್ಬರೂ ಸೇರಿ ಮಗುವಿಗೆ ಒದ್ದೆ ಬಟ್ಟೆ ಸುತ್ತಿ, ಔಷಧಿ ಕೊಟ್ಟು, ಜ್ವರ ಇಳಿಯುವವರೆಗೂ ಕೂತಿದ್ದರು. ಆಚೆ ಬಂದ ಡಾಕ್ಟರು ಕನ್ನಡಕ ಒರೆಸುತ್ತ ನನಗೆ, "ನಿನ್ನ ಮೇಷ್ಟ್ರುಗಿರಿ ನಡೀಲಿ," ಎಂದಷ್ಟೇ ಅಂದರು.

ಮುಂದಿನ ಬೇಸಿಗೆಗೆ ಅವರ ಓದು ಮುಗಿಯಿತು. ಹೊರಡುವ ಮುಂಚಿನ ಭಾನುವಾರ ಅಕ್ಕನನ್ನು ಮನೆಗೆ ಕರೆತಂದೆ. ಅವ್ವ ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಮಾಡಿತ್ತು. "ಇನ್ನೊಂದ್ ಆಕ್ಕಳಿ ತಾಯಿ, ಅಷ್ಟು ದೂರ ಓಗಬೇಕು," ಎಂದು ಅಚ್ಚಗನ್ನಡದಲ್ಲೇ ಉಪಚರಿಸಿತು. ವಿಯೆಟ್ನಾಮಿಗೆ ದಾರಿಯಲ್ಲಿ ಉಣ್ಣಲು ಏನೂ ಸಿಗುವುದಿಲ್ಲವೆಂದೇ ಅವ್ವ ತಿಳಿದಿತ್ತು. ಅಕ್ಕ ತಲೆಯಾಡಿಸುತ್ತ ಮೂರು ರೊಟ್ಟಿ ತಿಂದರು. ಬಸ್ಸು ಹತ್ತುವಾಗ ನನ್ನ ಕೈ ಹಿಡಿದು ತಮ್ಮ ಭಾಷೆಯಲ್ಲಿ ಏನೋ ಹೇಳಿದರು. ಅದನ್ನು ಇಂಗ್ಲಿಷಿಗೆ ತರಲು ಅವರು ಪ್ರಯತ್ನಿಸಲಿಲ್ಲ, ನಾನೂ ಕೇಳಲಿಲ್ಲ.

ಅವರಿಂದ ಎರಡು ಕಾಗದ ಬಂದವು. ನದಿ ದಡದ ಒಂದು ಚಿಕ್ಕ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ್ದೇನೆ, ಹೊರದೇಶದ ಡಾಕ್ಟರು ಬಂದಾಗ ನಾನೇ ಮಾತಾಡುತ್ತೇನೆ ಎಂದು ಬರೆದಿದ್ದರು. ಮೊದಲನೆಯದಕ್ಕೆ ಒಂದಿಡೀ ಭಾನುವಾರ ಕೂತು ಉತ್ತರ ಬರೆದೆ. ಎರಡನೆಯದು ಬಂದಾಗ ನನ್ನ ಮದುವೆ ಗೊತ್ತಾಗಿತ್ತು. ನಾಳೆ ಬರೆದರಾಯಿತು ಎನ್ನುತ್ತ ಕೆ.ಆರ್. ನಗರಕ್ಕೆ ಬಂದೆ. ಸಾಮಾನು ಸಾಗಿಸುವಾಗ ವಿಳಾಸವಿದ್ದ ಎರಡೂ ಕಾಗದ ಎಲ್ಲಿ ಹೋದವೋ ತಿಳಿಯಲಿಲ್ಲ. ತಪ್ಪು ನನ್ನದೇ.

ಇಲ್ಲಿನ ನರ್ಸಿಂಗ್ ಹೋಮಿನಲ್ಲಿ ಹತ್ತಾರು ವರ್ಷ ಕೆಲಸ ಮಾಡಿದೆ. ಅಕ್ಕನ ಊರಿನ ಹೆಸರು ನೆನಪಿದೆ. ಅದನ್ನು ಹೇಳುವಾಗ ಮಧ್ಯದಲ್ಲಿ ದನಿ ಇಳಿಸಿ ಮತ್ತೆ ಏರಿಸಬೇಕು ಎಂದು ಅವರು ಎಷ್ಟೋ ಸಲ ಹೇಳಿಕೊಟ್ಟಿದ್ದರು. ಒಬ್ಬಳೇ ಇದ್ದಾಗ ಒಮ್ಮೊಮ್ಮೆ ಹೇಳಿ ನೋಡುತ್ತೇನೆ. ಸರಿಯಾಯಿತೋ ಇಲ್ಲವೋ ಎಂದು ಹೇಳುವವರು ಇಲ್ಲಿ ಯಾರೂ ಇಲ್ಲ.