ಸುಣ್ಣ ಹಚ್ಚದ ಒಂದು ಕುಡಿಕೆ

ಕಂಕನಾಡಿಯ ಹಿಂದಿನ ತೋಟದಲ್ಲಿ ಇನ್ನೂ ನಸುಕು. ತನಿಯಪ್ಪ ಪೂಜಾರಿಯವರು ಕಾಲಿಗೆ ಹಗ್ಗದ ತಳೆ ಸಿಕ್ಕಿಸಿಕೊಂಡು ಎಂಟನೆಯ ತೆಂಗಿನ ಮರ ಏರುತ್ತಿದ್ದಾರೆ. ಮೇಲೆ ಹೊಂಬಾಳೆಯ ತುದಿಯನ್ನು ಕೂದಲೆಳೆಯಷ್ಟು ಕೊಯ್ದು, ತುಂಬಿದ ಕುಡಿಕೆ ಬಿಚ್ಚಿ, ಒಳಗೆಲ್ಲ ಸುಣ್ಣ ಸವರಿದ ಇನ್ನೊಂದನ್ನು ಕಟ್ಟುತ್ತಾರೆ. ಸುಣ್ಣವಿದ್ದರೆ ಇಳಿಯುವುದು ಸಿಹಿ ನೀರಾ. ಇಲ್ಲದಿದ್ದರೆ ಅದೇ ರಸ ಹುಳಿಬಂದು ಕಳ್ಳು. ಈ ಅರುವತ್ತೊಂದನೇ ಇಸವಿಯಲ್ಲಿ ಮೊದಲನೆಯದಕ್ಕೆ ಲೈಸೆನ್ಸು, ಎರಡನೆಯದಕ್ಕೆ ಜೈಲು. ಏಳೂವರೆಯೊಳಗೆ ನೀರಾ ಕೇಂದ್ರಕ್ಕೆ ಮುಟ್ಟಬೇಕು, ಆಮೇಲೆ ಕೈಯಲ್ಲಿದ್ದರೂ ತಪ್ಪೇ. ಕಾನೂನು ಬರೆದವರು ಎಷ್ಟು ಗಂಟೆಗೆ ಏಳುತ್ತಾರೋ ಗೊತ್ತಿಲ್ಲ, ತನಿಯಪ್ಪ ಏಳುವುದು ನಾಲ್ಕಕ್ಕೆ.

ಅವರಿಗೀಗ ಐವತ್ತನಾಲ್ಕು. ಹದಿನಾಲ್ಕು ಮರ, ದಿನಕ್ಕೆ ಎರಡು ಸಲ. ಎದೆಯ ಚರ್ಮ ಮರಕ್ಕೆ ಉಜ್ಜಿ ಉಜ್ಜಿ ದಡ್ಡುಗಟ್ಟಿದೆ. ಪಾನನಿರೋಧ ಬಂದಾಗ ಅಪ್ಪ ಕಲಿಸಿದ ಕಸುಬು ಒಂದೇ ದಿನದಲ್ಲಿ ಅಪರಾಧವಾಯಿತು. ಹಂಚಿನ ಕಾರ್ಖಾನೆಯಲ್ಲಿ ಆರು ವರ್ಷ ಮಣ್ಣು ಹೊತ್ತರು. "ನೆಲದ ಮೇಲೆ ಕೆಲಸ ಮಾಡಿ ನನಗೆ ಅಭ್ಯಾಸವೇ ಇರ್ಲಿಲ್ಲ," ಎನ್ನುತ್ತಾರೆ. ನೀರಾ ಲೈಸೆನ್ಸು ಸಿಕ್ಕಿದ ದಿನ ಮರ ತಬ್ಬಿ ಅತ್ತರಂತೆ.

ಸೋಮವಾರ ವಿಚಾರಣೆ. ಆ ಲೈಸೆನ್ಸು ಉಳಿಯುವುದು ಕಷ್ಟ. ಕಳೆದ ಮಂಗಳವಾರ ತಪಾಸಣೆಗೆ ಬಂದವರು ಕೊನೆಯ ಮರದ ಕುಡಿಕೆಯೊಳಗೆ ಬೆರಳಾಡಿಸಿದರು; ಬೆರಳು ಬೆಳ್ಳಗಾಗಲಿಲ್ಲ.

ಆ ಕುಡಿಕೆ ತೀರಿಹೋದ ತಾಯಿಯ ಪಾಲು. ಸತ್ತವರಿಗೆ ಇಷ್ಟವಾದದ್ದನ್ನು ವರ್ಷಕ್ಕೊಮ್ಮೆ ಎಲೆಯಲ್ಲಿ ಬಡಿಸಿ ಕರೆಯುವುದು ಈ ಮನೆಯ ಪದ್ಧತಿ, ಅಗೆಲು ಎನ್ನುತ್ತಾರೆ. "ಸಾಯುವ ಮುಂಚೆ ಅಮ್ಮ ಒಂದು ಗುಟುಕು ಕಳ್ಳು ಕೇಳಿದ್ಳು. ನಾನು ಲೈಸೆನ್ಸಿಗೆ ಹೆದರಿ ನೀರಾ ಕೊಟ್ಟೆ. ಬಾಯಿಗಿಟ್ಟವಳು ಉಗುಳಿದ್ಳು ಮಾರಾಯ್ರೆ. 'ಎಂತ ಮಗಾ, ನನಗೂ ಸುಣ್ಣವಾ?' ಅಂತ ಕೇಳಿದ್ಳು." ಮೊದಲ ವರ್ಷದ ಅಗೆಲಿಗಾದರೂ ಕೊಡೋಣವೆಂದು ಇಟ್ಟ ಕುಡಿಕೆ ಜಪ್ತಿಯಾಯಿತು. ಅಗೆಲಿನ ದಿನ ಎಲೆಯ ಪಕ್ಕದ ಲೋಟ ಖಾಲಿಯೇ ಉಳಿಯಿತು.

ಲೈಸೆನ್ಸು ಕಚೇರಿಯ ಗುಮಾಸ್ತ ತಾರಾನಾಥ ಒಳ್ಳೆಯ ಮನುಷ್ಯ. "ಸುಣ್ಣ ಹಚ್ಚಲು ಮರೆತೆ ಅಂತ ಹೇಳಿ. ಬರೇ ದಂಡ ಹಾಕಿ ಬಿಡ್ತಾರೆ, ಲೈಸೆನ್ಸು ಉಳೀತದೆ," ಎಂದು ಹೇಳಿಕೆಯನ್ನೂ ತಾವೇ ಬರೆದುಕೊಟ್ಟಿದ್ದಾರೆ. ಹೆಬ್ಬೆಟ್ಟು ಒತ್ತುವುದಷ್ಟೇ ಬಾಕಿ. ತನಿಯಪ್ಪನವರ ಹೆಂಡತಿ ಮೂರು ದಿನದಿಂದ ಆ ಕಾಗದವನ್ನು ಗಂಜಿಯ ಬಟ್ಟಲಿನ ಪಕ್ಕ ತಂದಿಡುತ್ತಿದ್ದಾಳೆ. "ಒಂದು ಸುಳ್ಳು ಹೇಳಿದ್ರೆ ಇವರ ನಾಲಗೆ ಬಿದ್ದುಹೋಗ್ತದಾ? ಸತ್ತವಳಿಗಂತೂ ಸಿಗ್ಲಿಲ್ಲ. ಇನ್ನು ಬದುಕಿದವರಿಗೂ ಬೇಡವಾ?"

ಅವಳು ಕೇಳುವುದರಲ್ಲಿ ತಪ್ಪಿಲ್ಲ. ಈ ವಯಸ್ಸಿಗೆ ಕಾರ್ಖಾನೆಯವರೂ ಸೇರಿಸಿಕೊಳ್ಳುವುದಿಲ್ಲ. ತನಿಯಪ್ಪನವರಿಗೆ ಅದೆಲ್ಲ ಗೊತ್ತು. ಕೊನೆಯ ಮರದಿಂದ ಇಳಿದು, ತಳೆ ಬಿಚ್ಚುತ್ತ, ನೆಲ ನೋಡಿಕೊಂಡೇ ಹೇಳುತ್ತಾರೆ:

"ಅಮ್ಮ ಕೇಳಿದಾಗ ಹೆದರಿ ಕೊಡ್ಲಿಲ್ಲ. ಈಗ ಮರೆತೆ ಅಂತ ಹೇಗೆ ಹೇಳುದು? ಮರೆತದ್ದಲ್ಲ ಅದು. ಅವಳಿಗೇ ಅಂತ ಇಟ್ಟದ್ದು."