ಜಯಚಂದ್ರನ ಸರ್ವರು ಯಾಕೆ ಸುಮ್ಮನಿರಲಿಲ್ಲ

ಹಿಂದೂಪುರದ ಜಯಚಂದ್ರನ ಮನೆಯಲ್ಲಿ, ದೇವರ ಗೂಡಿನ ಪಕ್ಕದ ಶೆಲ್ಫಿನ ಮೇಲೆ, ಒಂದು ಕರಿ ಡಬ್ಬ ಇತ್ತು. ಅದನ್ನು ಅವನು ಸರ್ವರು ಅನ್ನುತ್ತಿದ್ದ. ಸರ್ವರು ಅಂದ ಕೂಡಲೇ ದೊಡ್ಡದೇನೋ ಅಂದುಕೊಳ್ಳಬೇಡಿ. ಯಾವುದೋ ಆಫೀಸಿನವರು ಬೇಡವೆಂದು ಬಿಸಾಕಿದ ಹಳೇ ಕಂಪ್ಯೂಟರು. ರಿಪೇರಿ ಅಂಗಡಿಯ ನರೇಶ್ ಅದರೊಳಗೆ, ಒಂದರಲ್ಲಿದ್ದದ್ದೇ ಇನ್ನೊಂದರಲ್ಲೂ ಇರುವಂತೆ, ಎರಡು ದೊಡ್ಡ ಡಿಸ್ಕು ಕೂರಿಸಿ ಕೊಟ್ಟಿದ್ದ. ಹಗಲೂ ರಾತ್ರಿ ಓಡುತ್ತಲೇ ಇರುತ್ತಿತ್ತು. ಜಯಚಂದ್ರ ಇಪ್ಪತ್ತೈದು ವರ್ಷ ತೆಗೆದ ಮದುವೆ ವಿಡಿಯೊಗಳೆಲ್ಲ ಅದರಲ್ಲಿದ್ದವು. ಅವನು ಮೊದಲಿದ್ದ ಕಲ್ಯಾಣದುರ್ಗದ ಸುತ್ತಿನ ಹಳ್ಳಿಗಳಲ್ಲಿ ತಾಳಿ ಕಟ್ಟಿಸಿಕೊಂಡವರಲ್ಲಿ ಅರ್ಧ ಜನ ಆ ಡಬ್ಬದೊಳಗೇ ಕೂತಿದ್ದರು ಅಂದರೆ ಹೆಚ್ಚಾಗಲಾರದು.

ಮದುವೆಯಾದವರು ಅವನ್ನು ಮತ್ತೆ ಕೇಳಿಕೊಂಡು ಬರುವುದು ಅಪರೂಪ. ಬರುವವರು ಸತ್ತವರ ಕಡೆಯವರು. ಹನ್ನೊಂದನೇ ದಿನಕ್ಕೆ ಹಾರ ಹಾಕಲು ಫೋಟೊ ಬೇಕು, ಮನೆಯಲ್ಲಿ ಹುಡುಕಿದರೆ ಆಧಾರ್ ಕಾರ್ಡು ಬಿಟ್ಟರೆ ಬೇರೇನೂ ಇಲ್ಲ. ಆಧಾರಿನಲ್ಲಿ ಎಂಥವರ ಮುಖವಾದರೂ ಪೊಲೀಸರು ಹಿಡಿದು ತಂದು ನಿಲ್ಲಿಸಿದಂತೆ ಇರುತ್ತದಲ್ಲ. ಆಗ ಜಯಚಂದ್ರನ ನೆನಪಾಗುತ್ತದೆ. ಅವನು ಹಳೇ ಮದುವೆಯ ಗುಂಪಿನಲ್ಲಿ ಆ ಮುಖವನ್ನು ಹುಡುಕಿ, ಕತ್ತರಿಸಿ, ದೊಡ್ಡದು ಮಾಡಿ ಕೊಡುತ್ತಾನೆ. ಮದುವೆ ಕೆಲಸವೆಲ್ಲ ಡ್ರೋನ್ ಹಾರಿಸುವವರ ಪಾಲಾದ ಮೇಲೆ ಅವನಿಗೆ ಉಳಿದದ್ದು ಇದೊಂದೇ ಉದ್ಯೋಗ.

ಆ ಸೋಮವಾರ ಬಂದವನು ಕುಂದುರ್ಪಿ ಕಡೆಯ ಬೋರಪ್ಪ. ಎರಡು ಬಸ್ಸು ಬದಲಾಯಿಸಿ ಬಂದಿದ್ದ.

"ನಮ್ಮವ್ವ ಬೀರಕ್ಕ ಹೋಗ್ಬುಟ್ಲು ಕಣಪ್ಪ. ನನ್ನ ಮದ್ವೇಲಿ ನೀನು ತೆಗ್ದಿದ್ದಲ್ಲ, ಅರಿಶಿನ ಹಚ್ಚುವಾಗ ನಗ್ತಾ ಕುಂತಿದ್ಲು. ಅದು ಸಿಕ್ತದಾ?"

"ಸಿಕ್ಕೇ ಸಿಕ್ತದೆ. ಆದ್ರೆ ಡಿಸ್ಕು ಸರಿ ಇಲ್ಲ ಬೋರಪ್ಪ. ಹೊಸದಕ್ಕೆ ಎಲ್ಲಾ ಕಾಪಿ ಆಗ್ಲಿ, ಗುರುವಾರ ಬಾ," ಅಂದ ಜಯಚಂದ್ರ.

ನಿಜ ಹೇಳಬೇಕೆಂದರೆ ಡಿಸ್ಕು ಸಾಯುತ್ತಿತ್ತು. ಎರಡರಲ್ಲಿ ಒಂದು ಯುಗಾದಿಗೇ ಹೋಗಿತ್ತು. ಉಳಿದೊಂದು ಈಗ ಒಳಗಿಂದ ಟಕ್ ಟಕ್ ಅನ್ನತೊಡಗಿತ್ತು. ನರೇಶ್ ಹೊಸ ಡಿಸ್ಕು ಜೋಡಿಸಿ ಕಾಪಿಗೆ ಹಾಕಿ, "ಒಂದೂವರೆ ದಿನ ಅಣ್ಣಾ, ಅಲ್ಲೀವರೆಗೂ ಅದನ್ನ ಬೇರೆ ಯಾವ ಕೆಲಸಕ್ಕೂ ಎಬ್ಬಿಸ್ಬೇಡ. ಮುದುಕನ ಕೈಲಿ ಮೂಟೆ ಹೊರಿಸ್ದಂಗೆ ಅದು," ಎಂದು ಹೇಳಿ ಹೋಗಿದ್ದ. ಎರಡು ದಿನವಾದರೂ ನೂರಕ್ಕೆ ಒಂಬತ್ತು ಭಾಗ ಮಾತ್ರ ಆಗಿತ್ತು. ಡಬ್ಬದ ಕೆಂಪು ದೀಪ ಒಂದು ಕ್ಷಣವೂ ನಿಲ್ಲದೆ ಮಿಟುಕುತ್ತಿತ್ತು. ಕಾಪಿಯನ್ನು ನಿಲ್ಲಿಸಿ ನೋಡಿದರೂ ಮಿಟುಕುತ್ತಿತ್ತು. ಅಂದರೆ ಇನ್ನೇನೋ ಒಂದು, ಹೇಳದೆ ಕೇಳದೆ, ಅದೇ ಡಿಸ್ಕನ್ನು ಓದುತ್ತಾ ಕೂತಿತ್ತು.

ಜಯಚಂದ್ರನಿಗೆ ಮೊದಲು ಅನುಮಾನ ಬಂದದ್ದು ಟಿ.ವಿ. ಮೇಲೆ. ಅದರ ಪ್ಲಗ್ಗು ಕಿತ್ತ. ದೀಪ ನಿಲ್ಲಲಿಲ್ಲ. ಹೊರಗಿನಿಂದ ಯಾವನೋ ಕದಿಯುತ್ತಿದ್ದಾನೆ ಎಂದು ಇಂಟರ್ನೆಟ್ ವೈರನ್ನೇ ಎಳೆದುಹಾಕಿದ. ಕುಂದುರ್ಪಿ ಮದುವೆಗಳನ್ನು ಕದ್ದು ಆ ಕಳ್ಳ ಏನು ಮಾಡಿಕೊಳ್ಳುತ್ತಾನೆ ಎಂದು ಯೋಚಿಸುವಷ್ಟು ತಾಳ್ಮೆ ಅವನಿಗೆ ಉಳಿದಿರಲಿಲ್ಲ. ದೀಪ ಆಗಲೂ ನಿಲ್ಲಲಿಲ್ಲ. ವಿಡಿಯೊಗಳಿಗೆ ಪುಟ್ಟ ಪುಟ್ಟ ಚಿತ್ರ ಮಾಡಿಡುವ ಪ್ರೋಗ್ರಾಮೊಂದಿತ್ತು, ಅದನ್ನು ಬಂದ್ ಮಾಡಿದ. ಉಹೂಂ. ಕಡೆಗೆ ಮಂಗಳವಾರ ಮಧ್ಯಾಹ್ನ ನರೇಶನಿಗೆ ಫೋನು ಹಚ್ಚಿದ.

"ಸರೇ ಅಣ್ಣಾ, ನಾನು ಹೇಳಿದಂಗೆ ಟೈಪ್ ಮಾಡು," ಅಂದ ನರೇಶ್. "ಯಾವ ಪ್ರೋಗ್ರಾಮು ಎಷ್ಟು ಓದ್ತೈತೆ, ಅದನ್ನ ಯಾರು ಹಾಕವ್ರೆ, ಎಲ್ಲಾ ತೋರಿಸ್ತದೆ. ಮೇಲಿನ ಸಾಲು ಓದು."

ಒಂದೊಂದೇ ಅಕ್ಷರ ಒತ್ತಿ ಜಯಚಂದ್ರ ಆ ಸಾಲನ್ನು ನೋಡಿದ. ಹಾಕಿದವರ ಹೆಸರಿನ ಜಾಗದಲ್ಲಿ ಶಿರೀಷಾ ಅಂತಿತ್ತು. ಫೋಲ್ಡರಿನ ಹೆಸರು ಅಮ್ಮ.

"ಯಾರದು ಅಣ್ಣಾ?"

"ನಮ್ಮ ಹುಡುಗೀದೇ," ಅಂದು ಜಯಚಂದ್ರ ಫೋನಿಟ್ಟ.

ಶಿರೀಷಾ ಅವನ ಒಬ್ಬಳೇ ಮಗಳು. ಊರಿನಲ್ಲೇ ಡಿಗ್ರಿ ಕಾಲೇಜಿನಲ್ಲಿ ಕಂಪ್ಯೂಟರ್ ಓದುತ್ತಿದ್ದಳು. ಅಪ್ಪನ ಡಬ್ಬದಲ್ಲಿ ತನಗೂ ಒಂದು ಮೂಲೆ ಬೇಕೆಂದು ಕೇಳಿದಾಗ ನರೇಶನೇ ಮಾಡಿಕೊಟ್ಟಿದ್ದ. ಆ ಮೂಲೆಯ ಫೋಲ್ಡರನ್ನು ಜಯಚಂದ್ರ ತೆರೆದ. ಮೊದಲು ಕಂಡದ್ದು ತನ್ನದೇ ಮದುವೆ ಫೋಟೊ, ಅದರಲ್ಲಿ ತನ್ನನ್ನು ಕತ್ತರಿಸಿ ಹೆಂಡತಿ ತ್ರಿವೇಣಿಯನ್ನಷ್ಟೇ ಉಳಿಸಿದ್ದು. ಪ್ರೋಗ್ರಾಮು ಆ ಮುಖವನ್ನು ಹಿಡಿದುಕೊಂಡು ಎರಡು ಸಾವಿರದ ಎಂಟನೇ ಇಸವಿಗೆ ಹಿಂದಿನ ಅಷ್ಟೂ ಮದುವೆಗಳಲ್ಲಿ ಅವಳನ್ನು ಹುಡುಕುತ್ತಿತ್ತು. ಒಂದು ಸಲ ಪೂರ್ತಿ ಹುಡುಕಿ ಮುಗಿಸಿತ್ತು. ಸಿಗದಿದ್ದಾಗ ಶಿರೀಷಾ ಇನ್ನೂ ಸೂಕ್ಷ್ಮವಾಗಿ ಹುಡುಕಲು ಹೇಳಿದ್ದಳು. ಈಗ ನಡೆಯುತ್ತಿದ್ದದ್ದು ಮೂರನೆಯ ಸಲ.

ಸಿಗುವುದಿಲ್ಲ ಎಂದು ಜಯಚಂದ್ರನೊಬ್ಬನಿಗೆ ಗೊತ್ತಿತ್ತು.

ತ್ರಿವೇಣಿ ಶಿರೀಷಾಳ ತಾಯಿ. ಮಗುವಿಗೆ ಒಂದೂವರೆ ವರ್ಷವಿದ್ದಾಗ ಕಾಮಾಲೆಯಲ್ಲಿ ಹೋದಳು. ಅಲ್ಲಿಯವರೆಗೆ ಏಳು ವರ್ಷ, ಕಲ್ಯಾಣದುರ್ಗದ ಸ್ಟುಡಿಯೊದಿಂದ ಗಂಡ ಎಲ್ಲಿ ಶೂಟಿಂಗಿಗೆ ಹೋದರೂ ಲೈಟು ಹಿಡಿಯುತ್ತಿದ್ದವಳು ಅವಳೇ. ಹೆಂಗಸು ಲೈಟು ಹಿಡಿದರೆ ಹಳ್ಳಿಯ ಹೆಂಗಸರು ಒಳಮನೆಗೆ, ಅರಿಶಿನ ಶಾಸ್ತ್ರಕ್ಕೆ, ಕ್ಯಾಮೆರಾ ಬಿಟ್ಟುಕೊಳ್ಳುತ್ತಿದ್ದರು. ಬೇರೆ ಸ್ಟುಡಿಯೊದವರಿಗೆ ಸಿಗದ ನಗು ಜಯಚಂದ್ರನ ಕ್ಯಾಸೆಟ್ಟಿನಲ್ಲಿ ಇರುತ್ತಿದ್ದದ್ದು ಅದಕ್ಕೇ. ಇನ್ನೊಂದು ಹೆಸರೂ ಅವನಿಗಿತ್ತು: ಅವನ ವಿಡಿಯೊದಲ್ಲಿ ಲೈಟಾಗಲಿ, ವೈರಾಗಲಿ, ಹಿಡಿದವರ ಬೆರಳಾಗಲಿ ಕಾಣುವುದಿಲ್ಲ ಅಂತ. ತ್ರಿವೇಣಿ ಮರೆತು ಎದುರಿಗೆ ಬಂದರೆ ಬೈಯುತ್ತಿದ್ದ. ಆದರೂ ಬಂದಿದ್ದರೆ ಎಡಿಟಿಂಗಿನಲ್ಲಿ ಆ ತುಂಡನ್ನು ಕತ್ತರಿಸಿ ತೆಗೆಯುತ್ತಿದ್ದ. ಹಿಂದಿನಿಂದ ಅವಳು ಮಾತಾಡಿದ್ದು ಕೇಳಿಸಿದರೆ ಇಡೀ ಧ್ವನಿಯನ್ನೇ ತೆಗೆದು ಅಂಗಡಿಯಿಂದ ತಂದ ವಾಲಗದ ಸಿ.ಡಿ. ಹಾಕುತ್ತಿದ್ದ. ಮೂಲ ಕ್ಯಾಸೆಟ್ಟಿನ ಮೇಲೆ ಮುಂದಿನ ವಾರ ಇನ್ನೊಂದು ಮದುವೆ ತೆಗೆಯುತ್ತಿದ್ದ. ಎಲ್ಲಾ ಸ್ಟುಡಿಯೊದವರೂ ಹಾಗೇ ಮಾಡುತ್ತಿದ್ದರು ಅನ್ನಿ. ಆದರೆ ಇವನಷ್ಟು ಚೊಕ್ಕವಾಗಿ ಯಾರೂ ಮಾಡುತ್ತಿರಲಿಲ್ಲ.

ಊರವರ ಸಂಭ್ರಮವನ್ನೆಲ್ಲ ತುಂಬಿಟ್ಟುಕೊಂಡವನು ತನ್ನ ಹೆಂಡತಿಯ ಕಡೆಗೆ ಒಂದು ನಿಮಿಷ ಕ್ಯಾಮೆರಾ ತಿರುಗಿಸಲಿಲ್ಲ. ತಿರುಗಿಸಿದರಾಯಿತು, ಅವಳೆಲ್ಲಿ ಹೋಗುತ್ತಾಳೆ ಅಂದುಕೊಂಡಿದ್ದ. ಅವಳು ಹೋದ ಮೇಲೆ ಕಲ್ಯಾಣದುರ್ಗವೇ ಬೇಡವಾಗಿ ಮಗುವನ್ನು ಎತ್ತಿಕೊಂಡು ಹಿಂದೂಪುರಕ್ಕೆ ಬಂದ.

ಪ್ರೋಗ್ರಾಮನ್ನು ಅವನೇ ನಿಲ್ಲಿಸಬಹುದಿತ್ತು, ಒಂದು ಗುಂಡಿ ಒತ್ತಿದರೆ ಮುಗಿಯಿತು. ಕೈ ಬರಲಿಲ್ಲ. ಟಕ್ ಟಕ್ ಕೇಳುತ್ತಾ ನಾಲ್ಕೂವರೆಯವರೆಗೆ ಅಲ್ಲೇ ಕೂತ.

ಕಾಲೇಜಿನಿಂದ ಬಂದ ಶಿರೀಷಾ ಬ್ಯಾಗು ಇಳಿಸುತ್ತಾ ಸ್ಕ್ರೀನು ನೋಡಿದಳು. ಮುಚ್ಚಿಡುವುದಕ್ಕೇನೂ ಹೋಗಲಿಲ್ಲ.

"ಡಿಸ್ಕು ಹಾಳಾಗ್ತೈತೆ ಅಂತ ಗೊತ್ತು ಅಪ್ಪ. ಅದಕ್ಕೇ ಅವಸರ ಮಾಡ್ದೆ. ಅದು ಹೋದ್ರೆ ಅಮ್ಮನೂ ಹೋಯ್ತಾಳಲ್ಲ."

"ಫೋಟೊ ಐತಲ್ಲಮ್ಮ."

"ಫೋಟೊ ಐತೆ. ಹೆಂಗೆ ನಡೀತಿದ್ಲು, ಹೆಂಗೆ ನಗ್ತಿದ್ಲು, ಗೊತ್ತಿಲ್ಲ. ಒಂದ್ಸಲ ನೋಡಿದ್ರೆ ಸಾಕು ನಂಗೆ."

ಹೇಳಿಬಿಡುವುದೇ ಸರಿ ಎಂದು ಜಯಚಂದ್ರ ಬಾಯಿ ತೆರೆದ. ಅಷ್ಟರಲ್ಲಿ ಅವಳು ಕುರ್ಚಿ ಎಳೆದುಕೊಂಡು ಪಕ್ಕ ಕೂತಿದ್ದಳು. ಪ್ರೋಗ್ರಾಮು ನೂರಾರು ಮುಖ ಹೆಕ್ಕಿ ತಂದಿತ್ತಂತೆ. ಒಂದೊಂದನ್ನೂ ನೋಡಿ ಅಮ್ಮ ಅಲ್ಲ, ಅಮ್ಮ ಅಲ್ಲ ಎಂದು ಬದಿಗೆ ಸರಿಸಿದ್ದಳಂತೆ. ಒಂದನ್ನು ಮಾತ್ರ ಹಾಗೇ ಉಳಿಸಿಕೊಂಡಿದ್ದಳು.

"ಇದು ನೋಡಪ್ಪ. ಬ್ರಹ್ಮಸಮುದ್ರದ ಮದುವೆ."

ನಾಲ್ಕು ಸೆಕೆಂಡಿನ ತುಣುಕು. ಚಪ್ಪರದ ಆಚೆ ಒಬ್ಬ ಹೆಂಗಸು ಸೆರಗು ಸರಿಮಾಡಿಕೊಂಡು ಬಾಗಿಲ ಕಡೆ ನಡೆಯುತ್ತಾಳೆ, ಯಾರೋ ಕರೆದಂತೆ ಅರ್ಧ ತಿರುಗಿ ನಗುತ್ತಾಳೆ, ಒಳಗೆ ಹೋಗುತ್ತಾಳೆ. ಅಷ್ಟೇ.

ಜಯಚಂದ್ರ ನೋಡಿದ. ಮತ್ತೆ ಹಾಕು ಅಂದ. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದ. ಕರೆಂಟು ಹೋದಾಗ ತ್ರಿವೇಣಿ ಲೈಟು ಕೆಳಗಿಟ್ಟು ನೀರು ಕುಡಿಯಲು ಹೋಗಿರಬಹುದು, ತಾನು ಕತ್ತರಿಸಲು ಮರೆತಿರಬಹುದು. ಅಥವಾ ಮದುವೆ ಮನೆಯ ಯಾರೋ ಹೆಂಗಸಿರಬಹುದು. ಆ ಸೀರೆ ನೆನಪಾಗಲಿಲ್ಲ. ಆ ನಡಿಗೆ ನೆನಪಾಗಲಿಲ್ಲ. ನೆನಪಿದ್ದದ್ದು ಲೈಟಿನ ಕಾವು ಬಲಗಿವಿಗೆ ತಾಕುತ್ತಿದ್ದದ್ದು, ವೈರು ಸಾಲದಾದಾಗ ಹಿಂದಿನಿಂದ ಅವಳು ಎಳೆಯುತ್ತಿದ್ದದ್ದು. ಮುಖವೆಂದು ನೆನೆಸಿಕೊಂಡರೆ ಗೋಡೆಯ ಮೇಲಿನ ಆ ಮದುವೆ ಫೋಟೊ ಬಂದು ನಿಲ್ಲುತ್ತಿತ್ತು. ಹದಿನೇಳು ವರ್ಷದಿಂದ ಅದಕ್ಕೇ ಕೈಮುಗಿದು, ಉಳಿದ ತ್ರಿವೇಣಿಯನ್ನು ಅವನು ಪೂರ್ತಿ ಮರೆತಿದ್ದ. ಮರೆತದ್ದು ಗೊತ್ತಾದದ್ದು ಈಗ, ಮಗಳ ಎದುರಿಗೆ.

"ಅಮ್ಮಾನೇನಪ್ಪ?"

ಹೌದು ಅಂದುಬಿಡಲು ಅವನಿಗೆ ಮನಸ್ಸಿತ್ತು, ನಾಲಿಗೆಯ ತುದಿಗೂ ಬಂದಿತ್ತು. ಯಾವುದೋ ಮನೆಯ ಹೆಂಗಸನ್ನು ಮಗಳು ಆಯುಷ್ಯವಿಡೀ ಅಮ್ಮ ಅಂದುಕೊಂಡರೆ ಅನ್ನಿಸಿತು. ಇಲ್ಲ ಅಂದಮೇಲೆ ಅದು ಅವಳೇ ಆಗಿದ್ದರೆ ಎಂದೂ ಅನ್ನಿಸಿತು.

"ಗೊತ್ತಾಗ್ತಿಲ್ಲ ಕಣಮ್ಮ," ಅಂದ. "ಅವಳು ಯಾವಾಗ್ಲೂ ನನ್ನ ಬೆನ್ನ ಹಿಂದೆ ಇರ್ತಿದ್ಲು." ಆಮೇಲೆ ಕತ್ತರಿಸಿದ್ದನ್ನೂ ಹೇಳಿದ, ವಾಲಗ ಹಾಕಿದ್ದನ್ನೂ ಹೇಳಿದ. ಹೇಳುವಾಗ ಮಗಳ ಮುಖ ನೋಡಲಿಲ್ಲ.

ಶಿರೀಷಾ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಸ್ವಲ್ಪ ಹಗುರಾಗುತ್ತಿತ್ತೋ ಏನೋ. "ಹಂಗಾದ್ರೆ ಬಿಡು," ಅಂದು ಪ್ರೋಗ್ರಾಮನ್ನು ತಾನೇ ನಿಲ್ಲಿಸಿ, ಮುಖ ತೊಳೆಯಲು ಹಿತ್ತಲಿಗೆ ಹೋದಳು. ತುಂಬಾ ಹೊತ್ತು ನಲ್ಲಿಯ ಸದ್ದು ಕೇಳಿಸುತ್ತಿತ್ತು. ಕೆಂಪು ದೀಪ ನಿಧಾನವಾಯಿತು. ಕಾಪಿಯ ಅಂಕಿ ಹತ್ತು, ಹನ್ನೊಂದು, ಹನ್ನೆರಡು ಎಂದು ಏರತೊಡಗಿತು.

ಗುರುವಾರ ಬೆಳಿಗ್ಗೆ ನರೇಶ್ ಬಂದು ನೋಡಿ, "ಅದೃಷ್ಟ ಅಣ್ಣಾ ನಿಂದು, ಒಂದು ಫೈಲೂ ಹೋಗಿಲ್ಲ, ಎಲ್ಲಾ ಬಂದೈತೆ," ಎಂದು ಖುಷಿಪಟ್ಟ.

ಬೋರಪ್ಪ ಹನ್ನೊಂದು ಗಂಟೆಗೆ ಬಂದ. ಬೀರಕ್ಕನ ಫೋಟೊ ಫ್ರೇಮಾಗಿ ರೆಡಿ ಇತ್ತು. ಕೆನ್ನೆಗೆಲ್ಲ ಅರಿಶಿನ, ಬಾಯ್ತುಂಬ ನಗು. ಬೋರಪ್ಪ ಅದನ್ನು ಹಿಂದೆ ಮುಂದೆ ಹಿಡಿದು ನೋಡಿ, ಅವತ್ತು ಕಾಲೇಜಿಗೆ ಹೋಗದೆ ಉಳಿದಿದ್ದ ಶಿರೀಷಾಳ ಕಡೆ ತಿರುಗಿದ.

"ಚೆನ್ನಾಗೈತೆ ಕಣಮ್ಮ. ಆದ್ರೆ ಕ್ಯಾಮೆರಾ ನೋಡದೆ ಪಕ್ಕಕ್ಕೆ ನೋಡ್ತಾವ್ಳೆ ನಮ್ಮವ್ವ." ತಾನೇ ನೆನಪು ಮಾಡಿಕೊಂಡ. "ಅಲ್ಲೊಬ್ಬ ಆಯಮ್ಮ ಲೈಟು ಹಿಡ್ಕಂಡಿದ್ಲು ನೋಡು, ಜಯಚಂದ್ರನ ಮನೆಯಾಕೆ. ಆಯಮ್ಮ ಏನೋ ಅಂದ್ಬುಟ್ಲು, ಹೆಂಗಸ್ರೆಲ್ಲ ಬಿದ್ದು ಬಿದ್ದು ನಕ್ರು. ನಾನೂ ನಕ್ಕೆ."

ಶಿರೀಷಾ ಎದ್ದು ನಿಂತಳು. "ಏನಂದ್ಲು?"

ಬೋರಪ್ಪ ತಲೆ ಕೆರೆದುಕೊಂಡ. ನಿಜವಾಗಿಯೂ ಪ್ರಯತ್ನಪಟ್ಟ, ಪಾಪ. "ಮರ್ತೋಯ್ತು ಕಣಮ್ಮ. ಇಪ್ಪತ್ತು ವರ್ಷ ಆಯ್ತಲ್ಲ," ಅಂದು, ಫೋಟೊವನ್ನು ಟವೆಲಿನಲ್ಲಿ ಸುತ್ತಿಕೊಂಡು ಬಸ್ಸಿಗೆ ಹೊರಟ.

ಅವನು ಅತ್ತ ಹೋದ ಮೇಲೆ ಶಿರೀಷಾ ಹೊಸ ಡಿಸ್ಕಿನಿಂದ ಆ ಮದುವೆ ತೆಗೆದು ಅರಿಶಿನದ ಜಾಗಕ್ಕೆ ಬಂದಳು. ಬೀರಕ್ಕ ಪಕ್ಕಕ್ಕೆ ತಿರುಗಿ ನೋಡಿದಳು, ಕೇಳಿಸಿಕೊಂಡಳು, ನಕ್ಕಳು. ಹಿಂದಿದ್ದ ಹೆಂಗಸರೂ ಅದೇ ಕಡೆ ನೋಡಿ ನಕ್ಕರು. ಶಿರೀಷಾ ಸೌಂಡು ಪೂರ್ತಿ ಏರಿಸಿ ಸ್ಪೀಕರಿಗೆ ಕಿವಿ ಇಟ್ಟಳು. ಜಯಚಂದ್ರ ಬಾಗಿಲಲ್ಲೇ ನಿಂತಿದ್ದ. ಮನೆಯ ತುಂಬ ಬರೀ ವಾಲಗ ಕೇಳಿಸುತ್ತಿತ್ತು.