ಅಕ್ಕನ ನೈಟಿ ಮತ್ತು ಜುಟ್ಟಿನ ಕೋಳಿ

ನನ್ನ ವಾರಗಿತ್ತಿಯ ಕತ್ತಿನ ಸರ ನೋಡಿ ನಾನು ಒಂದು ದಿನವೂ ಹೊಟ್ಟೆಕಿಚ್ಚು ಪಟ್ಟವಳಲ್ಲ. ಭಾಗವಾದಾಗ ಅವಳಿಗೆ ರಸ್ತೆ ಕಡೆಯ ಜಾಗ ಬಂತು, ನನಗೆ ಓಣಿ ಕಡೆಯದು, ಅದಕ್ಕೂ ಪಡಲಿಲ್ಲ. ಅವಳ ಬಾಡಿಗೆ ಮನೆಗಳು ಖಾಲಿಯಾಗುವ ಮೊದಲೇ ಬೇರೆಯವರು ಬಂದು ಕೇಳುತ್ತಾರೆ, ನನ್ನವಕ್ಕೆ ಬೋರ್ಡು ತೂಗುಹಾಕಬೇಕು. ಅದಕ್ಕೆ ಸ್ವಲ್ಪ ಪಟ್ಟಿದ್ದೇನೆ, ಸುಳ್ಳೇಕೆ ಹೇಳಲಿ. ಆದರೆ ನನ್ನ ಹೊಟ್ಟೆಯನ್ನು ನಿಜವಾಗಿ ಉರಿಸಿದ್ದು ಅವಳ ಕೋಳಿಗಳು.

ಅವಳು ನನ್ನ ಗಂಡನ ಅಣ್ಣನ ಹೆಂಡತಿ. ಎದುರಿಗೆ ಸಿಕ್ಕಾಗ ‘ಬನ್ನಿ ಅಕ್ಕ, ಕೂತ್ಕೊಳ್ಳಿ ಅಕ್ಕ’ ಎನ್ನುತ್ತೇನೆ. ಮನಸ್ಸಿನೊಳಗೆ ಮಾತ್ರ ಮೊದಲಿನಿಂದಲೂ ಏಕವಚನವೇ. ಇಲ್ಲಿ ಮನಸ್ಸಿನಲ್ಲಿರುವಂತೆಯೇ ಬರೆಯುತ್ತೇನೆ.

ಹೆಬ್ಬಗೋಡಿಗೆ ಅಂಟಿಕೊಂಡ ಹಳೆಯ ಊರು ನಮ್ಮದು. ನಾವು ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಕಂಪನಿಗೆ ಹೋಗುವ ಹುಡುಗರು ಬಟ್ಟೆ ಒಣಹಾಕುತ್ತಾರೆ. ಅಣ್ಣತಮ್ಮಂದಿರು ಬೇರೆಯಾದಾಗ ಹಿತ್ತಲಿನ ನಡುವೆ ಎದೆಯುದ್ದದ ಗೋಡೆ ಎದ್ದಿತು. ಅತ್ತೆ ಕಿರಿಮಗನ ಜೊತೆ, ಎಂದರೆ ನನ್ನ ಜೊತೆ ಉಳಿದರು. ಪಾತ್ರೆ, ಒನಕೆ, ಹಗ್ಗ ಎಲ್ಲ ಹಂಚಿ ಮುಗಿದ ಮೇಲೆ ಕೋಳಿಗಳು ಉಳಿದವು. ಅವು ಅತ್ತೆ ತಮ್ಮ ತವರಿನಿಂದ ತಂದು ಬೆಳೆಸಿದ ಜುಟ್ಟಿನ ಕೋಳಿಗಳು. ತಲೆಯ ಮೇಲೆ ಹೂ ಮುಡಿದ ಹಾಗೆ ಒಂದು ಕುಚ್ಚು ಪುಕ್ಕ.

"ಸಂಜೆ ಯಾವ್ದು ಯಾರ್ ಕಡೆ ಗೂಡು ಸೇರ್ತದೋ ಅದು ಅವ್ರುದು" ಎಂದು ಅತ್ತೆ ತೀರ್ಪು ಕೊಟ್ಟರು.

ಆ ಸಂಜೆ ನನ್ನ ಬಾಗಿಲಲ್ಲಿ ಮೊರ ತುಂಬ ನುಚ್ಚು ಚೆಲ್ಲಿದೆ. ಕೋಳಿಗಳು ಬಂದವು, ಹೊಟ್ಟೆ ಬಿರಿಯ ತಿಂದವು, ಕೊಕ್ಕನ್ನು ನೆಲಕ್ಕೆ ಒರೆಸಿಕೊಂಡವು, ಗೋಡೆ ಹಾರಿ ಅವಳ ಕಡೆ ಹೋದವು. ಅವಳು ಒಂದು ಕಾಳನ್ನೂ ಹಾಕಿರಲಿಲ್ಲ. ಸುಮ್ಮನೆ ಕಲ್ಲುಬಾನಿಯ ಮೇಲೆ ಕೂತಿದ್ದಳು. ನನಗೆ ದಕ್ಕಿದ್ದು ಒಂದು ಕುಂಟ ಹುಂಜ ಮತ್ತು ಮೊಟ್ಟೆ ಇಡುವುದನ್ನು ಮರೆತ ಒಂದು ಮುದಿ ಹೇಂಟೆ.

ಅಂದಿನಿಂದ ಅತ್ತೆಯ ಬಾಯಲ್ಲಿ ಒಂದೇ ಮಾತು: "ಅವ್ಳ ಕೈಗುಣ." ತಿನ್ನುವುದು ನಾನು ತೊಳಸಿದ ಮುದ್ದೆ, ಹೊಗಳುವುದು ಗೋಡೆಯಾಚೆಯ ಕೈಗುಣ. ಅತ್ತೆ ಮೇಲಿನ ಕೋಪವನ್ನು ಕೊತ್ತಿ ಮೇಲೆ ತೀರಿಸಿಕೊಳ್ಳೋಣವೆಂದರೆ ನಮ್ಮ ಮನೆಯಲ್ಲಿ ಕೊತ್ತಿಯೂ ಇರಲಿಲ್ಲ. ಪಾತ್ರೆ ಕುಕ್ಕುತ್ತಿದ್ದೆ.

ಅವಳು ಮಾಡುವುದನ್ನೆಲ್ಲ ಗೋಡೆಯ ಮೇಲಿಂದ ಕದ್ದು ನೋಡಿ ಕಲಿತೆ. ಕೋಳಿ ಕಾವಿಗೆ ಬಂದು ಗುರ್ರೆನ್ನುವಾಗ, ಮರಿ ಬೇಡವಾದರೆ ಅವಳು ಅದರ ಮೂಗಿಗೆ ಒಂದು ಗರಿ ಸಿಕ್ಕಿಸಿ, ಹೊಟ್ಟೆಯಡಿ ತಣ್ಣೀರು ತಟ್ಟಿ, ಮೇಲೆ ಮಂಕರಿ ಬುಟ್ಟಿ ಕವುಚುತ್ತಿದ್ದಳು. ನಾಲ್ಕು ದಿನದಲ್ಲಿ ಕಾವು ಬಿಟ್ಟು ಮತ್ತೆ ಮೊಟ್ಟೆಗೆ ಬರುತ್ತಿತ್ತು. ಮರಿ ಬೇಕಾದರೆ, ಹಿಂದೆ ದನ ನೀರು ಕುಡಿಯುತ್ತಿದ್ದ ಆ ಕಲ್ಲುಬಾನಿಯ ಮರೆಯಲ್ಲಿ ರಾಗಿ ಹುಲ್ಲು ಹಾಸಿ, ಬೆಸ ಲೆಕ್ಕದಲ್ಲಿ ಮೊಟ್ಟೆ ಇಟ್ಟು, ಗುಡುಗಿಗೆ ಕೆಡದಿರಲೆಂದು ಪಕ್ಕದಲ್ಲಿ ಒಂದು ಮೊಳೆ, ಒಂದು ಇದ್ದಿಲ ಚೂರು ಇಡುತ್ತಿದ್ದಳು. ನಾನೂ ಮೊಳೆ ಇಟ್ಟೆ, ಇದ್ದಿಲು ಇಟ್ಟೆ. ಅವಳ ಮೊಟ್ಟೆ ಮರಿಯಾಗುತ್ತಿತ್ತು, ನನ್ನದು ನಾರುತ್ತಿತ್ತು. ಕೊನೆಗೆ ಸಿಟ್ಟಿಗೆ ಫಾರಂ ತಳಿಯ ಕೋಳಿ ತಂದು ಸಾಕಿದೆ. ಅವು ದಿನಾ ಮೊಟ್ಟೆ ಇಟ್ಟು, ಹಿಂದಿರುಗಿಯೂ ನೋಡದೆ ಎದ್ದು ಹೋಗುತ್ತಿದ್ದವು. ಕಾವು ಎಂದರೇನೆಂದೇ ಅವಕ್ಕೆ ಗೊತ್ತಿಲ್ಲ.

ಹೋದ ವರ್ಷ ಭಾವ ತಮ್ಮ ಮನೆಯ ಜಾಗವನ್ನು ಬಿಲ್ಡರಿಗೆ ಕೊಟ್ಟರು. ಹಳೆ ಮನೆ ಒಡೆದು ಕಟ್ಟಡ ಏಳುವತನಕ ಅವರು ಆಚೆ ಬಡಾವಣೆಯ ಎಂಟನೇ ಮಹಡಿಯ ಫ್ಲ್ಯಾಟಿಗೆ ಹೋಗುವುದೆಂದಾಯಿತು. ಅಷ್ಟು ಹೊತ್ತಿಗೆ ಖಾಲಿ ಸೈಟಿನ ಬೀದಿನಾಯಿಗಳು ಒಂದೊಂದಾಗಿ ಎಳೆದುಕೊಂಡು ಹೋಗಿ, ಜುಟ್ಟಿನ ಕೋಳಿ ಎಂದು ಉಳಿದಿದ್ದುದು ಒಂದು ಹೇಂಟೆ ಮಾತ್ರ. ಹುಂಜವನ್ನೂ ಮೊನ್ನೆ ಮೊನ್ನೆ ಕಳೆದುಕೊಂಡಿದ್ದಳು. ಸಾಮಾನು ಕಟ್ಟುವ ವಾರವೇ ಆ ಹೇಂಟೆ ಕಡೆಯ ಮೊಟ್ಟೆಗಳ ಮೇಲೆ ಕಾವಿಗೆ ಕೂತುಬಿಟ್ಟಿತು. ಎಂಟನೇ ಮಹಡಿಗೆ ಕೋಳಿ ಒಯ್ಯುವಂತಿಲ್ಲ, ಇಲ್ಲೇ ಬಿಟ್ಟರೆ ಜೆಸಿಬಿ ಬರುತ್ತದೆ.

ಹೊರಡುವ ದಿನ ಅವಳು ಹೇಂಟೆಯನ್ನು ಸೆರಗಿನಲ್ಲಿ ಸುತ್ತಿ ಗೋಡೆಯ ಮೇಲಿಂದ ನನ್ನ ಕೈಗೆ ಕೊಟ್ಟಳು. ಆಮೇಲೆ ಮೊಟ್ಟೆಗಳನ್ನು ಹುಲ್ಲಿನ ಸಮೇತ ಬುಟ್ಟಿಯಲ್ಲಿ ದಾಟಿಸಿದಳು. "ನೋಡ್ಕೊಳ್ಳೆ. ಅತ್ತೆ ತಳಿ ಇದೊಂದೇ ಉಳ್ದಿರೋದು" ಎಂದಳು. ಕಣ್ಣು ಕೆಂಪಾಗಿತ್ತು. ನನಗೆ ಒಳಗೊಳಗೇ ಕುಣಿಯುವಷ್ಟು ಸಂತೋಷ. ಈ ಮೊಟ್ಟೆಗಳು ನನ್ನ ಹಿತ್ತಲಲ್ಲಿ ಮರಿಯಾದರೆ ಅತ್ತೆಯ ತಳಿ ಉಳಿಯುತ್ತದೆ, ಅದೂ ನನ್ನ ಕೈಯಿಂದ. ಆಗದಿದ್ದರೆ ತಳಿಯೂ ಹೋಯಿತು, ಸಾಯುವತನಕ ‘ಅವ್ಳ ಕೈಗುಣ’ ಎಂಬುದನ್ನು ಕೇಳಿಕೊಂಡಿರಬೇಕು.

ಅವಳ ಗಾಡಿ ತಿರುವಿನಲ್ಲಿ ಮರೆಯಾಗುತ್ತಲೇ ಮೊದಲು ಮಾಡಿದ ಕೆಲಸವೆಂದರೆ ಆ ಹುಲ್ಲನ್ನು ತಿಪ್ಪೆಗೆ ಎಸೆದದ್ದು. ಪಿಷ್ಟೆ ಮೆತ್ತಿ, ಪುಕ್ಕ ಅಂಟಿ ಗಬ್ಬು ನಾರುತ್ತಿತ್ತು. ಅವಳದೊಂದು ಕಡ್ಡಿಯೂ ನನಗೆ ಬೇಡವೆನ್ನಿಸಿತು ಎಂಬುದೂ ನಿಜ. ಹೊಸ ಬುಟ್ಟಿ, ಹೊಸ ಹುಲ್ಲು, ಮೇಲೆ ಒಗೆದ ಪಂಚೆಯ ಚೂರು. ಬಾಣಂತಿಗೂ ಯಾರೂ ಅಷ್ಟು ಚೆನ್ನಾಗಿ ಹಾಸುವುದಿಲ್ಲ. ಮೊಟ್ಟೆಗಳನ್ನು ಜೋಡಿಸಿ ಹೇಂಟೆಯನ್ನು ಮೇಲೆ ಕೂರಿಸಿದೆ.

ಅದು ಎದ್ದಿತು. ಕೂರಿಸಿದೆ, ಎದ್ದಿತು. ಗೋಡೆ ಹಾರಿ, ಖಾಲಿ ಮನೆಯ ಹಿತ್ತಲಿಗೆ ಹೋಗಿ, ಕಲ್ಲುಬಾನಿಯ ಮರೆಯಲ್ಲಿ ಬರೀ ನೆಲದ ಮೇಲೆ ರೆಕ್ಕೆ ಹರಡಿ ಕೂತಿತು. ಹಿಡಿದು ತಂದು ಮಂಕರಿ ಮುಚ್ಚಿದರೆ ಮೊಟ್ಟೆಗಳಿಗೆ ಬೆನ್ನು ಹಾಕಿ ನಿಂತಿತು. ಕೈ ಹಾಕಿದರೆ ರಕ್ತ ಬರುವ ಹಾಗೆ ಕುಕ್ಕಿತು. ಮೊಟ್ಟೆಗಳು ತಣ್ಣಗಾದಾವೆಂದು ಹತ್ತಿ ಸುತ್ತಿ, ಅಕ್ಕಿ ಡಬ್ಬಿಯಲ್ಲಿಟ್ಟು, ಮೇಲೆ ಬಲ್ಬು ಉರಿಸಿ ಕಾದೆ.

ಮಾರನೆಯ ದಿನಕ್ಕೆ ಕೋಳಿಯ ಜುಟ್ಟು ಬಾಡಿತು. ತಲೆಯ ಚರ್ಮ ಬಿಳುಚಿತು, ಕಾಳು ಮುಟ್ಟಲಿಲ್ಲ, ಬಿಳೀ ನೀರಿನಂತೆ ಪಿಷ್ಟೆ ಹಾಕಿತು. ರೆಕ್ಕೆ ಎತ್ತಿ ನೋಡಿದರೆ ಹೇನು. ಬೇವಿನ ಸೊಪ್ಪಿನ ಪುಡಿಯನ್ನು ಒಲೆಬೂದಿಗೆ ಬೆರೆಸಿ ಪುಕ್ಕದ ಬುಡಕ್ಕೆ ಉಜ್ಜಿದೆ, ನೀರಿಗೆ ಚಿಟಿಕೆ ಅರಿಶಿನ ಹಾಕಿದೆ. ದನದ ಆಸ್ಪತ್ರೆಯ ಡಾಕ್ಟರಿಗೆ ಫೋಟೋ ಕಳಿಸಿದೆ. "ಕಾವಿಗೆ ಬಂದಿರೋ ಕೋಳಿ ಕಮ್ಮಿನೇ ತಿನ್ನೋದು ಮೇಡಂ. ನೀರು ಕುಡೀತಾ ಇದ್ರೆ ಭಯ ಬೇಡ. ಹೇನಿಗೆ ನೀವು ಮಾಡಿರೋದೇ ಸರಿ. ಜಾಗ ಬದಲಾಯ್ಸಿದ್ರಾ?" ಎಂದರು. ಥ್ಯಾಂಕ್ಸ್ ಎಂದು ಫೋನು ಇಟ್ಟೆ.

ಅಷ್ಟರಲ್ಲಿ ಅವಳ ಫೋನು. "ಕೂತಿದ್ಯೇನೆ?"

"ಬಂಡೆ ಥರ ಕೂತಿದೆ ಅಕ್ಕ. ಅಲ್ಲಾಡ್ತಾನೂ ಇಲ್ಲ" ಎಂದೆ. ಹೇಂಟೆ ಅದೇ ಹೊತ್ತಿಗೆ ಗೋಡೆ ಹಾರುತ್ತಿತ್ತು. ನನ್ನ ಕೈಯಲ್ಲಿ ಆಗುತ್ತಿಲ್ಲ, ಬನ್ನಿ ಎನ್ನುವ ಬದಲು ಅದರ ಹಿಂದೆ ಓಡಿದೆ.

ಜಗಲಿಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದ ಅತ್ತೆ ಎಲ್ಲವನ್ನೂ ನೋಡುತ್ತಿದ್ದರು. "ಅದು ಅವ್ಳನ್ನ ಉಡುಕ್ತಾ ಅದೆ ಕಣವ್ವ" ಎಂದರು. "ಅಸ ಆಲು ಇಳಿಸ್ದೆ ಒದ್ರೆ ಏನ್ ಮಾಡ್ತಿದ್ವಿ? ದಿನಾ ಕರೆಯೋಳ ಸೀರೆ ಉಟ್ಕಂಡು ಕುಂತ್ಕತಿದ್ವಿ. ಓಗು, ಅವ್ಳುದು ಏನಾರ ಇದ್ರೆ ಆಕ್ಕೊಂಡ್ ಬಾ."

ಹಸುವಿಗೆ ಹಾಗೆ ಮಾಡುವುದನ್ನು ನಾನೂ ತವರಿನಲ್ಲಿ ನೋಡಿದ್ದೇನೆ. ಹಾಲು ಕರೆಯುವವಳು ಹೆರಿಗೆಗೆ ಹೋದರೆ ಅವಳ ಸೀರೆಯನ್ನು ಇನ್ನೊಬ್ಬಳು ಉಟ್ಟು ಕೆಚ್ಚಲಿಗೆ ಕೈ ಹಾಕುವಳು. ಆದರೆ ಕೋಳಿಗೆ? ಅದೂ ಆ ಹೆಂಗಸಿನ ಬಟ್ಟೆ, ನನ್ನ ಮೈ ಮೇಲೆ? ‘ಕೋಳಿ ಕೇಳಿ ಮಸಾಲೆ ಅರೀತಾರಾ’ ಅನ್ನುತ್ತಾರೆ. ನಾನು ಕೋಳಿ ಕೇಳಿ ಬಟ್ಟೆ ಹಾಕಿಕೊಳ್ಳುವ ಕಾಲ ಬಂದಿತ್ತು.

ಗೋಡೆಯಾಚೆಯ ತಂತಿಯಲ್ಲಿ ಅವಳ ಹಳೆಯ ನೈಟಿ ಇನ್ನೂ ನೇತಾಡುತ್ತಿತ್ತು. ನೇರಳೆ ಹೂವಿನದು, ಬಣ್ಣ ಹೋಗಿ, ತೋಳಿನ ಹತ್ತಿರ ಹರಿದದ್ದು. ಇನ್ನು ನೆಲ ಒರೆಸಲಿಕ್ಕೇ ಸೈ ಎಂದು ಒಗೆಯದೆ ಬಿಟ್ಟು ಹೋಗಿದ್ದಳು. ದಿನಾ ಬೆಳಗ್ಗೆ ಅವಳು ಕೋಳಿಗೂಡು ತೆಗೆಯುತ್ತಿದ್ದುದು ಅದರಲ್ಲೇ. ತಂದು, ಬಾಗಿಲು ಹಾಕಿಕೊಂಡು, ತಲೆಯ ಮೇಲಿಂದ ಇಳಿಬಿಟ್ಟೆ. ಸೀಗೆಪುಡಿ, ಬೆವರು, ಕೋಳಿಗೂಡು ಎಲ್ಲ ಸೇರಿದ ವಾಸನೆ. ಎದೆಯ ಹತ್ತಿರ ನನಗೆ ಬಿಗಿ, ಉದ್ದ ಸಾಲದು. ಇಷ್ಟು ವರ್ಷ ದಪ್ಪಗಿದ್ದಾಳೆ ಎಂದುಕೊಂಡಿದ್ದವಳು ನನಗಿಂತ ತೆಳ್ಳಗಿದ್ದಳು. ಆ ಸಂಕಟ ಬೇರೆ.

ತಿಪ್ಪೆಗೆ ಹೋಗಿ ಎಸೆದಿದ್ದ ಹುಲ್ಲನ್ನು ಕೈಯಾರೆ ಹೆಕ್ಕಿ ತಂದೆ. ಹೊಸ ಹುಲ್ಲು, ಪಂಚೆ ಎಲ್ಲ ಕಿತ್ತು ಬಿಸಾಡಿ ಹಳೆಯದನ್ನೇ ಹಾಸಿ, ಡಬ್ಬಿಯ ಮೊಟ್ಟೆಗಳನ್ನು ಮರಳಿ ಇಟ್ಟೆ. ಆಮೇಲೆ ನೈಟಿಯಲ್ಲೇ ಗೋಡೆಯ ಬಳಿ ಕುಕ್ಕರುಗಾಲಲ್ಲಿ ಕೂತೆ. ಹೇಂಟೆ ಕತ್ತು ಓರೆ ಮಾಡಿ ನೋಡಿತು. ಒಂದು ಹೆಜ್ಜೆ, ನಿಂತಿತು, ಇನ್ನೊಂದು ಹೆಜ್ಜೆ. ಎತ್ತಿಕೊಂಡಾಗ ಕುಕ್ಕಲಿಲ್ಲ. ಬುಟ್ಟಿಯಲ್ಲಿ ಬಿಟ್ಟೆ. ಕೊಕ್ಕಿನಿಂದ ಮೊಟ್ಟೆಗಳನ್ನು ಒಂದೊಂದಾಗಿ ಹೊಟ್ಟೆಯಡಿಗೆ ಸರಿಸಿಕೊಂಡು, ಪುಕ್ಕ ಅಗಲಿಸಿ ಕೂತೇಬಿಟ್ಟಿತು. ಗೆದ್ದದ್ದಕ್ಕೆ ನಗಬೇಕೋ, ಸೋತದ್ದಕ್ಕೆ ಅಳಬೇಕೋ ತಿಳಿಯದೆ ಅಲ್ಲೇ ಕೂತಿದ್ದೆ.

ಅಂದಿನಿಂದ ಹಿತ್ತಲಿಗೆ ಹೋಗುವ ಮೊದಲು ಆ ನೈಟಿ ನನ್ನ ಯೂನಿಫಾರಂ ಆಯಿತು. ಅದರಲ್ಲೇ ದಿನಕ್ಕೊಮ್ಮೆ ಹೇಂಟೆಯನ್ನು ಎಬ್ಬಿಸಿ, ಕಾಳು ನೀರು ತೋರಿಸಿ, ಬೂದಿಯಲ್ಲಿ ಹೊರಳಾಡಲು ಬಿಟ್ಟು, ಮತ್ತೆ ಕೂರಿಸುತ್ತಿದ್ದೆ. ಪಿಷ್ಟೆ ಗಟ್ಟಿಯಾಯಿತು, ಹೇನು ಉದುರಿತು. ಒಂದು ಬೆಳಗ್ಗೆ ನಾನು ಬಗ್ಗಿ ಬುಟ್ಟಿ ನೋಡುತ್ತಿದ್ದಾಗ ಹಿಂದಿನಿಂದ ನನ್ನ ಗಂಡ ಬಂದು, "ಅತ್ತಿಗೆ, ಯಾವಾಗ್ ಬಂದ್ರಿ? ಕಾಫಿ ಕುಡುದ್ರಾ?" ಎಂದರು. ಅಷ್ಟು ವರ್ಷದ ಸಂಸಾರದಲ್ಲಿ ನನ್ನನ್ನು ಅವರು ಆ ದನಿಯಲ್ಲಿ ಕಾಫಿ ಕುಡಿದೆಯಾ ಎಂದು ಕೇಳಿದ್ದಿಲ್ಲ. ಆ ದಿನ ಅವರಿಗೂ ಕಾಫಿ ಸಿಗಲಿಲ್ಲ.

ಮೂರು ವಾರಕ್ಕೆ ಮರಿ ಬಂದವು. ಒಂದೆರಡು ಮೊಟ್ಟೆ ಕೆಟ್ಟಿದ್ದವು, ಮಿಕ್ಕವೆಲ್ಲ ಒಡೆದವು. ಪಿಳಿಪಿಳಿ ಕಣ್ಣು ಬಿಡುವ ಮರಿಗಳ ತಲೆಯ ಮೇಲೆ ಹತ್ತಿ ಉಂಡೆಯಂಥ ಜುಟ್ಟು. ಅತ್ತೆ ಒಂದನ್ನು ಅಂಗೈಯಲ್ಲಿಟ್ಟುಕೊಂಡು ಎಷ್ಟೋ ಹೊತ್ತು ಸವರಿದರು. ನಾನು ಪಕ್ಕದಲ್ಲೇ ನಿಂತು ಕಾದೆ. ಕೈಗುಣ ಎನ್ನುವ ಮಾತು ಬರಲಿಲ್ಲ. "ನಮ್ಮವ್ವುನ್ ಮನೆ ಕೋಳಿ" ಎಂದಷ್ಟೇ ಹೇಳಿ ಮರಿಯನ್ನು ಕೆಳಗೆ ಬಿಟ್ಟರು.

ಆ ಭಾನುವಾರ ಅವಳು ಬಂದಳು. ಯಾವುದೋ ಗೃಹಪ್ರವೇಶಕ್ಕೆ ಹೋಗಿದ್ದವಳು ಆಟೋ ತಿರುಗಿಸಿಕೊಂಡು ಬಂದಿದ್ದಳು. ರೇಷ್ಮೆ ಸೀರೆ, ತಲೆತುಂಬ ಹೂವು. ನಾನು ಹಿತ್ತಲಲ್ಲಿ ಅವಳ ನೈಟಿಯಲ್ಲೇ ಸಿಕ್ಕಿಬಿದ್ದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಗೋಡೆಯಾಚೆ ಅವಳ ಮನೆ ಇರಲಿಲ್ಲ; ಕಲ್ಲುಬಾನಿಯೂ ಮಣ್ಣಿನ ಗುಡ್ಡೆಯೊಳಗೆ ಹೋಗಿತ್ತು. ಅದನ್ನು ನೋಡಿದಳು.

ಸೀರೆಯ ನೆರಿಗೆ ಎತ್ತಿ ಹಿಡಿದು ಕೂತು, "ಬೊ ಬೊ ಬೊ" ಎಂದು ಕರೆದಳು.

ಹೇಂಟೆ ತಲೆ ಎತ್ತಿತು. ರೇಷ್ಮೆಯ ಮಿರುಗು ಕಂಡು ಕೊಕ್ಕರಿಸಿ, ಮರಿಗಳನ್ನೆಲ್ಲ ಕರೆದುಕೊಂಡು ಓಡಿ ಬಂದು ನನ್ನ ಕಾಲ ಸಂದಿಯಲ್ಲಿ ಸೇರಿಕೊಂಡಿತು.

ಗೋಡೆ ಎದ್ದ ಸಂಜೆಯಿಂದ ನಾನು ಬೇಡಿಕೊಂಡಿದ್ದು ಇದನ್ನೇ. ಅವಳು ಕರೆಯಬೇಕು, ಕೋಳಿ ನನ್ನ ಬಳಿಗೆ ಬರಬೇಕು, ಅತ್ತೆ ನೋಡಬೇಕು. ಅತ್ತೆ ನೋಡುತ್ತಿದ್ದರು. ಅವಳು ಚಾಚಿದ್ದ ಕೈಯನ್ನು ಹಾಗೇ ಹಿಡಿದುಕೊಂಡು, "ಗುರ್ತೇ ಸಿಗ್ಲಿಲ್ಲ ನೋಡೇ ಅದಕ್ಕೆ" ಎಂದು ನಕ್ಕಳು. ಅಂಥ ನಗುವನ್ನು ನಾನು ಅವಳ ಮುಖದ ಮೇಲೆ ಯಾವತ್ತೂ ನೋಡಿರಲಿಲ್ಲ. ನೋಡಲಾಗಲಿಲ್ಲ.

ಒಳಗೆ ಹೋಗಿ ಸೀರೆ ಸುತ್ತಿಕೊಂಡು, ನೈಟಿ ತಂದು ಅವಳ ಮುಂದೆ ಹಿಡಿದೆ. "ಹಾಕ್ಕೊಳ್ಳಿ ಅಕ್ಕ."

ಅವಳು ರೇಷ್ಮೆ ಸೀರೆಯ ಮೇಲೇ ಅದನ್ನು ಇಳಿಬಿಟ್ಟುಕೊಂಡಳು. ಕರೆಯಬೇಕಾಗಿಯೇ ಬರಲಿಲ್ಲ. ಹೇಂಟೆ ನನ್ನನ್ನು ದಾಟಿ, ಒಮ್ಮೆಯೂ ತಿರುಗಿ ನೋಡದೆ, ಅವಳ ಮಡಿಲಿಗೆ ಹತ್ತಿತು. ಮರಿಗಳೆಲ್ಲ ನೇರಳೆ ಹೂವಿನ ಅಂಚಿನೊಳಗೆ ನುಗ್ಗಿದವು. ಅವಳು ಅದರ ಜುಟ್ಟಿಗೆ ಕೆನ್ನೆ ಒತ್ತಿದಳು.

"ಅದೇ ಮತ್ತೆ, ಕೈಗುಣ" ಎಂದರು ಅತ್ತೆ.

ಉರಿಯಿತು. ಮೂರು ವಾರ ಕೂರಿಸಿದವಳು ನಾನು, ಹೇನು ಹೆಕ್ಕಿದವಳು ನಾನು, ಕುಕ್ಕಿಸಿಕೊಂಡವಳು ನಾನು; ನನ್ನ ಹಿತ್ತಲಲ್ಲಿ ನಾನೇ ಹೊರಗಿನವಳ ಹಾಗೆ ನಿಂತಿದ್ದೆ. ಅವಳು ಹೊರಡುವಾಗ ನೈಟಿ ಬಿಚ್ಚಿ ಮಡಚಿ ಕೊಟ್ಟಳು. ಗಬ್ಬು ನಾರುತ್ತಿತ್ತು. ಸೋಪಿನ ನೀರಿಗೆ ಹಾಕಬೇಕೆಂದು ಬಕೆಟ್ಟಿನವರೆಗೂ ಹೋದವಳು ವಾಪಸು ಬಂದೆ. ಆಟೋ ಇನ್ನೂ ಹೊರಟಿರಲಿಲ್ಲ.

"ಬರ್ತಾ ಇರಿ ಅಕ್ಕ" ಎಂದೆ. "ಇದನ್ನ ಒಗೀದೇ ಇಟ್ಟಿರ್ತೀನಿ."